ದೇವರಮನೆಯಲ್ಲಿ ಉಳಿದ ದೊರೆ

ಶ್ರೀರಂಗಪಟ್ಟಣದ ನಮ್ಮ ಹಳೆಯ ಮನೆಯ ದೇವರ ಕೋಣೆಯಲ್ಲಿ ಶ್ರೀರಾಮ ಪಟ್ಟಾಭಿಷೇಕದ ಪಟವೊಂದಿದೆ. ಎಣ್ಣೆದೀಪದ ಹೊಗೆಗೆ ಅದರ ಬಣ್ಣ ಕಂದಿದೆ. ಆದರೂ ಸಂಜೆ ದೀಪ ಹಚ್ಚಿದೊಡನೆ ಕಿರೀಟದ ಚಿನ್ನದ ರೇಕು ಮಿನುಗುತ್ತದೆ. ಅದನ್ನು ಕಂಡಾಗಲೆಲ್ಲ ನನಗೆ ನೆನಪಾಗುವವರು, ಇದೇ ಪಟ್ಟಣದಲ್ಲಿ 1794ರಲ್ಲಿ ಜನಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು.

ಎರಡು ವರ್ಷ ತುಂಬುವ ಮುನ್ನವೇ ಅವರು ತಂದೆ ಖಾಸಾ ಚಾಮರಾಜ ಒಡೆಯರನ್ನು ಕಳೆದುಕೊಂಡರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಐದರ ಎಳೆವಯಸ್ಸಿನಲ್ಲಿ ಮೈಸೂರಿನಲ್ಲಿ ಪಟ್ಟವಾಯಿತು. ಆಡಳಿತದ ಹೊರೆಯನ್ನು ದಿವಾನ್ ಪೂರ್ಣಯ್ಯನವರು ಹೊತ್ತರು. ಬೆಳೆದು ತಾವೇ ಆಳತೊಡಗಿದ ಸುಮಾರು ಎರಡು ದಶಕಗಳ ಬಳಿಕ, 1831ರಲ್ಲಿ, ನಗರದ ರೈತದಂಗೆಯನ್ನು ಮುಂದೊಡ್ಡಿ ಇಂಗ್ಲಿಷರು ಅಧಿಕಾರವನ್ನು ಕಿತ್ತುಕೊಂಡರು. ಅಲ್ಲಿಂದ 1868ರಲ್ಲಿ ಕಣ್ಮುಚ್ಚುವವರೆಗೆ ಅವರು ರಾಜ್ಯಭಾರವಿಲ್ಲದ ರಾಜರು.

ದುರ್ಬಲ ದೊರೆಯೆಂದು ನಾನೂ ತರಗತಿಯಲ್ಲಿ ಹೇಳಿದ್ದುಂಟು. ಅವರ ದುಂದುವೆಚ್ಚವೂ ಸಾಲವೂ ಸುಳ್ಳಲ್ಲ. ಆದರೆ ಬಾಳಿನ ಲೆಕ್ಕ ಅಷ್ಟಕ್ಕೇ ಮುಗಿಯದು. ಒಂಬತ್ತು ನಿಧಿಗಳಾಗಿ ವಿಂಗಡಿಸಿದ ಶ್ರೀತತ್ತ್ವನಿಧಿಯಲ್ಲಿ ಅವರು ದೇವತೆಗಳ ಧ್ಯಾನಶ್ಲೋಕಗಳನ್ನು ಸಂಗ್ರಹಿಸಿ, ಬಣ್ಣ, ಆಯುಧ, ವಾಹನಗಳೊಡನೆ ಒಂದೊಂದು ರೂಪವನ್ನೂ ಚಿತ್ರಿಸಿಸಿದರು. ಮೇಲುಕೋಟೆಯ ಚೆಲುವನಾರಾಯಣನಿಗೆ ಅರ್ಪಿಸಿದ ಕಿರೀಟ ಕೃಷ್ಣರಾಜಮುಡಿಯೆಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ವಿಜಯನಗರದ ಪತನಾನಂತರ ರಾಜ ಒಡೆಯರ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ನೆಲೆ ಕಂಡರೆನ್ನುವ ಚಿತ್ರಗಾರರ ಪರಂಪರೆಗೆ ಅವರು ಹೊಸ ಉಸಿರು ತುಂಬಿದರು. ಹುಣಿಸೆಕಡ್ಡಿಯ ಇದ್ದಿಲಿನಿಂದ ರೇಖೆ ಎಳೆದು, ಒಡವೆಗಳನ್ನು ನವುರಾಗಿ ಉಬ್ಬಿಸಿ, ಮೇಲೆ ಚಿನ್ನದ ರೇಕು ಅಂಟಿಸುವ ಆ ಕಲೆ ಅರಮನೆಯ ಗೋಡೆಯಲ್ಲೇ ನಿಲ್ಲದೆ ಗೃಹಸ್ಥರ ದೇವರ ಕೋಣೆಗೂ ಇಳಿದುಬಂತು. ಹದಿನೈದನೆಯ ಶತಮಾನದ ಫ್ಲಾರೆನ್ಸಿನಲ್ಲಿಯೂ ಹೀಗೆಯೇ ಗೃಹಸ್ಥರು ಮಲಗುವ ಮನೆಯಲ್ಲಿ ಮೇರಿ ಮಾತೆಯ ಪಟವಿಟ್ಟು ಪ್ರಾರ್ಥಿಸುತ್ತಿದ್ದರು. ದೇವಾಲಯದ ದೇವರು ಊರಿಗೆಲ್ಲ ಸೇರಿದವನು. ಮನೆಯ ಪಟದ ದೇವರಾದರೋ ನಮ್ಮ ದುಃಖವನ್ನು ಹತ್ತಿರದಿಂದ ಬಲ್ಲವನು. ಅಧಿಕಾರ ಕಳೆದುಕೊಂಡ ಅರಸರಿಗೆ ಈ ಸಾಮೀಪ್ಯದ ಬೆಲೆ ತಿಳಿದಿದ್ದಿರಬೇಕು.

ಮಾಸಿದ ಪಟವನ್ನು ತೆಗೆದು ಹೊಳೆಯುವ ಅಚ್ಚಿನ ಪಟ ಹಾಕೋಣವೆಂದು ನಮ್ಮ ಮನೆಯ ಕಿರಿಯರು ಕೇಳುತ್ತಿದ್ದಾರೆ. ನಾನು ಒಪ್ಪಿಲ್ಲ. ಒಡೆಯರು ಕಳೆದುಕೊಂಡ ರಾಜ್ಯ 1881ರಲ್ಲಿ ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಕೈಬಿಟ್ಟ ಪಟ ಹಾಗೆ ಮರಳಲಾರದು.