ಪಾಠ ಹೇಳಲು ಬಂದು ಪಾಠ ಕಲಿತ ಮೋಗ್ಲಿಂಗ್

ಪ್ರತಿ ವರ್ಷ ಜುಲೈ 1ರಂದು ರಾಜ್ಯದ ಊರೂರುಗಳಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಹರ್ಮನ್ ಮೋಗ್ಲಿಂಗ್ ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. 1843ರ ಅದೇ ದಿನ ಅವರು ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ ಎಂಬ ಮಾತು ಭಾಷಣಗಳಲ್ಲಿ ಪುನರುಕ್ತವಾಗುತ್ತದೆ. ಪತ್ರಿಕೋದ್ಯಮ ಡಿಪ್ಲೊಮಾ ತರಗತಿಯಲ್ಲಿ ಈ ಲೇಖಕ ಕಲಿತದ್ದೂ ಅಷ್ಟೇ: ಒಂದು ಹೆಸರು, ಒಂದು ತಾರೀಖು. ಆದರೆ ಪತ್ರಿಕೆ ಹೊರಬರುವುದಕ್ಕೆ ಏಳು ವರ್ಷ ಮುಂಚೆ ಇದೇ ವ್ಯಕ್ತಿಗೆ ಕನ್ನಡದಲ್ಲಿ ಮಾತನಾಡಲು ಬರುತ್ತಿರಲಿಲ್ಲ. ಆ ಏಳು ವರ್ಷಗಳಲ್ಲಿ ಏನಾಯಿತು ಎಂಬುದು ವೇದಿಕೆಯ ಭಾಷಣಗಳಲ್ಲಿ ಅಪರೂಪಕ್ಕೂ ಕೇಳಿಬರುವುದಿಲ್ಲ.

ಮೋಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ರಾಜ್ಯದ ಬ್ರಾಕೆನ್‌ಹೈಮ್ ಎಂಬ ಪುಟ್ಟ ಪಟ್ಟಣದಲ್ಲಿ. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ದೇವತಾಶಾಸ್ತ್ರ ಓದಿದರು. ಊರಿನಲ್ಲೇ ಪಾದ್ರಿಯ ಹುದ್ದೆ ಹಿಡಿದು ನೆಮ್ಮದಿಯಿಂದ ಇರಬಹುದಾಗಿತ್ತು. ಅದನ್ನು ಬಿಟ್ಟು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿದರು. 1815ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ತರಬೇತಿ ಶಾಲೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ರೈತರ, ಕುಶಲಕರ್ಮಿಗಳ ಮನೆಯ ಹುಡುಗರು. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿ ಬಂದ ಮೋಗ್ಲಿಂಗ್ ಅವರ ನಡುವೆ ಅಪರೂಪದ ವ್ಯಕ್ತಿ. ಈ ವಿದ್ಯೆ ಮುಂದೆ ಅವರಿಗೆ ಅನುಕೂಲವೂ ಆಯಿತು, ಹಿರಿಯರೊಂದಿಗಿನ ಜಟಾಪಟಿಗೆ ಕಾರಣವೂ ಆಯಿತು.

1833ರ ಸನದು ಕಾಯಿದೆ ಬರುವ ತನಕ ಬ್ರಿಟಿಷರಲ್ಲದ ಮಿಷನರಿಗಳಿಗೆ ಕಂಪನಿಯ ಆಡಳಿತದ ನೆಲದಲ್ಲಿ ನೆಲೆಯೂರುವುದು ಸುಲಭವಿರಲಿಲ್ಲ. ಕಾಯಿದೆ ಬಾಗಿಲು ತೆರೆದ ಮರುವರ್ಷವೇ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲಿನಿಂದ ಮಂಗಳೂರಿಗೆ ಬಂದರು. ಎರಡು ವರ್ಷಗಳ ನಂತರ, 1836ರ ಕೊನೆಯಲ್ಲಿ, 25 ವರ್ಷದ ಮೋಗ್ಲಿಂಗ್ ಅವರನ್ನು ಕೂಡಿಕೊಂಡರು.

ಬಂದಿಳಿದ ಊರು ಭಾಷೆಯ ವಿಷಯದಲ್ಲಿ ಸರಳವಾದುದೇನಲ್ಲ. ಬೀದಿಯಲ್ಲಿ ತುಳು, ಅಂಗಡಿ ಮುಂಗಟ್ಟುಗಳಲ್ಲಿ ಕೊಂಕಣಿ, ಬಂದರಿನಲ್ಲಿ ಬ್ಯಾರಿ. ಕಚೇರಿಯ ಅರ್ಜಿ, ಶಾಲೆಯ ಪಾಠ, ಬರವಣಿಗೆಗೆ ಕನ್ನಡ. ಮನೆಯಲ್ಲಿ ಕನ್ನಡ ಆಡದವರೂ ಓದಲು ಬರೆಯಲು ಕನ್ನಡವನ್ನೇ ಆಶ್ರಯಿಸಿದ್ದ ಊರು ಅದು. ಗ್ರೈನರ್ ತುಳುವಿನ ಕಡೆ ಹೊರಳಿದರು. ಮೋಗ್ಲಿಂಗ್ ಪಾಲಿಗೆ ಬಂದದ್ದು ಕನ್ನಡ. ಅವರು ಬಂದ ಕೆಲವೇ ತಿಂಗಳಲ್ಲಿ, 1837ರ ಏಪ್ರಿಲ್‌ನಲ್ಲಿ, ಸುಳ್ಯದ ಕಡೆಯಿಂದ ಹೊರಟ ರೈತ ಬಂಡಾಯದ ದಂಡು ಮಂಗಳೂರಿಗೇ ನುಗ್ಗಿತು. ಕಲ್ಯಾಣಸ್ವಾಮಿಯ ಕಾಟಕಾಯಿ ಎಂದು ಜನ ಇಂದಿಗೂ ನೆನೆಯುವ ಆ ದಿನಗಳಲ್ಲಿ ಕಂಪನಿಯ ಅಧಿಕಾರಿಗಳು ಹಡಗು ಹತ್ತಿ ಊರು ಬಿಟ್ಟಿದ್ದರು. ಹೊಸ ಭಾಷೆಯ ಅಕ್ಷರ ತಿದ್ದಲು ಬಂದ ಯುವಕನಿಗೆ ಈ ನಾಡು ತೋರಿದ ಮೊದಲ ಮುಖ ಅದು.

ಅಂದು ಕನ್ನಡ ಕಲಿಯಬೇಕೆಂದ ಪರದೇಶಿಯ ಮುಂದೆ ಇದ್ದ ಮುದ್ರಿತ ಪುಸ್ತಕಗಳನ್ನು ಬೆರಳಲ್ಲಿ ಎಣಿಸಬಹುದು. 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ವಿಲಿಯಂ ಕೇರಿಯ ವ್ಯಾಕರಣ. 1820ರಲ್ಲಿ ಮದರಾಸಿನಲ್ಲಿ ಹೊರಬಂದ ಮೆಕೆರೆಲ್‌ನ ವ್ಯಾಕರಣ. ವಿಲಿಯಂ ರೀವ್ ರಚಿಸಿದ ನಿಘಂಟುಗಳು: ಇಂಗ್ಲಿಷ್-ಕನ್ನಡ 1824ರದು, ಕನ್ನಡ-ಇಂಗ್ಲಿಷ್ 1832ರದು. ಬಳ್ಳಾರಿಯಲ್ಲಿ 1810ರಿಂದ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮಾಡಿದ ಬೈಬಲ್ ಅನುವಾದ. ಇವೆಲ್ಲ ಇಂಗ್ಲಿಷ್ ಮೂಲಕ ಕನ್ನಡಕ್ಕೆ ಹೋಗುವ ದಾರಿಗಳು. ಮೋಗ್ಲಿಂಗ್ ಅವರ ಮಾತೃಭಾಷೆ ಜರ್ಮನ್. ಅಂದರೆ ಕನ್ನಡದ ಒಂದು ಶಬ್ದದ ಅರ್ಥ ಕಾಣಲು ಅವರು ಎರಡು ಹೊಳೆ ದಾಟಬೇಕಿತ್ತು. ಜೊತೆಗೆ ಜೈಮಿನಿ ಭಾರತವಾಗಲಿ, ಕುಮಾರವ್ಯಾಸ ಭಾರತವಾಗಲಿ, ಬಸವಪುರಾಣವಾಗಲಿ ಓದಬೇಕೆಂದರೆ ಓಲೆಗರಿ ಅಥವಾ ಕೈಬರಹದ ಕಡತವೇ ಗತಿ. ಬಿಡಿಸಿ ಹೇಳುವ ಪಂಡಿತರ ನೆರವಿಲ್ಲದೆ ಒಂದು ಪದ್ಯವೂ ಕೈವಶವಾಗುವಂತಿರಲಿಲ್ಲ.

1830ರ ದಶಕದ ಕೊನೆಗೆ ಮೋಗ್ಲಿಂಗ್ ಘಟ್ಟ ಹತ್ತಿ ಧಾರವಾಡ-ಹುಬ್ಬಳ್ಳಿಯ ಸೀಮೆಗೆ ಹೋದರು. ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಕೇಂದ್ರ ತೆರೆದಿತ್ತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಭಾಗದಲ್ಲಿ ಕಚೇರಿಯ ಗೌರವವೆಲ್ಲ ಮರಾಠಿಗೆ. ಆದರೆ ಜನರ ಬಾಯಲ್ಲಿ ಕನ್ನಡ. ಕರಾವಳಿಯಲ್ಲಿ ಕಡತದ ಕನ್ನಡ ಕಂಡಿದ್ದವರಿಗೆ ಇಲ್ಲಿ ಮಠ, ಸಂತೆ, ಪುರಾಣ ಪ್ರವಚನಗಳ ಕನ್ನಡ ದೊರೆಯಿತು. ದೊಡ್ಡ ಆಸೆಯೊಂದು ಹುಟ್ಟಿ ಕಮರಿದ್ದೂ ಇಲ್ಲಿಯೇ. ಕಾಲಜ್ಞಾನದ ವಚನಗಳನ್ನು ನಂಬಿ ಹೊಸ ಯುಗಕ್ಕಾಗಿ ಕಾದಿದ್ದ ಜನರ ಗುಂಪುಗಳು 1840ರ ಆಸುಪಾಸಿನಲ್ಲಿ ಮಿಷನರಿಗಳ ಬಳಿಗೆ ಬಂದವು. ಜನ ಸಾಮೂಹಿಕವಾಗಿ ತಮ್ಮ ಮತಕ್ಕೆ ಬರುವರೆಂದು ಮೋಗ್ಲಿಂಗ್ ಮತ್ತು ಸಂಗಡಿಗರು ನಂಬಿದರು. ಹಾಗಾಗಲಿಲ್ಲ. ಭವಿಷ್ಯವಾಣಿಯನ್ನು ಜನ ತಮ್ಮ ರೀತಿಯಲ್ಲಿ ಅರ್ಥೈಸಿಕೊಂಡಿದ್ದರು, ಪಾದ್ರಿಗಳು ತಮ್ಮ ರೀತಿಯಲ್ಲಿ. ಒಂದೇ ಮಾತನ್ನು ಎರಡು ಪಕ್ಷದವರು ಎರಡಾಗಿ ಕೇಳಿಸಿಕೊಂಡರೆ ಏನಾಗುತ್ತದೆ ಎಂಬ ಪಾಠ ಅದು. ಯಾವ ವ್ಯಾಕರಣ ಪುಸ್ತಕದಲ್ಲೂ ಅದು ಸಿಗುವಂತಿರಲಿಲ್ಲ.

ಮಂಗಳೂರಿಗೆ ಮರಳಿದ ಮೋಗ್ಲಿಂಗ್ ತಮ್ಮ ಶಕ್ತಿಯನ್ನೆಲ್ಲ ಶಾಲೆಗೆ ಹಾಕಿದರು. ಬೀದಿ ಬದಿಯ ಉಪದೇಶಕ್ಕಿಂತ ಹುಡುಗರನ್ನು ಓದಿಸಿ ಸ್ಥಳೀಯ ಉಪದೇಶಕರನ್ನಾಗಿ ಬೆಳೆಸುವುದೇ ಮೇಲು ಎಂಬುದು ಅವರ ನಿಲುವಾಗಿತ್ತು. ಬಲ್ಮಠದ ಗುಡ್ಡದ ಮೇಲೆ ಅವರು ವಿದ್ಯಾರ್ಥಿಗಳ ಜೊತೆಯಲ್ಲೇ ವಾಸವಿದ್ದು ಪಾಠ ಹೇಳಿದರು. ತರಬೇತಿ ಎರಡೂ ಕಡೆಯಿಂದ ನಡೆಯಿತು ಎನ್ನಬೇಕು. ಹುಡುಗರು ಅವರಿಂದ ಭೂಗೋಳ, ಚರಿತ್ರೆ, ಧರ್ಮಶಾಸ್ತ್ರ ಕೇಳಿದರೆ, ಬೆಳಗಿನಿಂದ ರಾತ್ರಿಯ ತನಕ ಅವರ ಕಿವಿಗೆ ಬೀಳುತ್ತಿದ್ದದ್ದು ಹುಡುಗರ ಮಾತು. 1840ರಲ್ಲಿ ಬಂದ ಅವರ ಬಂಧು ಗಾಟ್‌ಫ್ರೀಡ್ ವೈಗ್ಲೆ ಕನ್ನಡ ಕೆಲಸದಲ್ಲಿ ಜೊತೆಯಾದರು. 1841ರಲ್ಲಿ ಮಿಷನ್ನಿನ ಕಲ್ಲಚ್ಚು ಮುದ್ರಣಾಲಯ ಆರಂಭವಾಯಿತು.

ಕಲ್ಲಚ್ಚಿನ ವಿಚಾರ ಎರಡು ಮಾತು. ಅದಕ್ಕೆ ಸೀಸದ ಮೊಳೆ ಬೇಡ. ಜಿಡ್ಡಿನ ಮಸಿಯಲ್ಲಿ ಕೈಯಾರೆ ಬರೆದುದನ್ನು ನುಣುಪಾದ ಕಲ್ಲಿಗೆ ಇಳಿಸಿ, ಕಲ್ಲನ್ನು ಒದ್ದೆ ಮಾಡಿ ಶಾಯಿ ಹಚ್ಚಿದರೆ ಬರಹವಿದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಆಗ ಅಚ್ಚಾದ ಹಾಳೆ ನೋಡಲು ಕೈಬರಹದ ಹಾಗೆಯೇ ಇರುತ್ತದೆ. ಓಲೆ, ಕಡತ ಓದಿ ರೂಢಿಯಾದ ಕಣ್ಣಿಗೆ ಅದು ಪರಕೀಯವಾಗಿ ಕಾಣದು.

ಆ ಕಲ್ಲಿನ ಮೇಲೆಯೇ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಮೂಡಿತು. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರ್ಕಾರದ ನಿರೂಪಗಳು, ದೂರ ದೇಶಗಳ ಸುದ್ದಿ, ಕಥೆ, ಬುದ್ಧಿಮಾತು. ದಾಸರ ಪದಗಳಿಗೂ ಅಲ್ಲಿ ಎಡೆ ಸಿಕ್ಕಿತು. ಪಾದ್ರಿಯೊಬ್ಬರು ನಡೆಸಿದ ಪತ್ರಿಕೆಯಲ್ಲಿ ಹರಿದಾಸರ ಪದ ಎಂಬುದು ಸಣ್ಣ ಸಂಗತಿಯಲ್ಲ. ಜನ ಏನನ್ನು ಹಾಡುತ್ತಾರೆ ಎಂಬುದನ್ನು ಕೇಳಿಸಿಕೊಂಡ ಸಂಪಾದಕರಿಗೆ ಮಾತ್ರ ಅದು ಹೊಳೆಯಲು ಸಾಧ್ಯ. ವರ್ಷ ತುಂಬುವ ಮೊದಲೇ ಪತ್ರಿಕೆ ಮೊಳೆಯಚ್ಚು ಇದ್ದ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಎಂಬ ಹೆಸರು ತಳೆಯಿತು.

ಅಷ್ಟರಲ್ಲಿ ಶಾಲೆಗೆ ಪೆಟ್ಟು ಬಿದ್ದಿತ್ತು. ಮಿಷನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ, ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಮತ್ತು ಇನ್ನಿಬ್ಬರು ಗೆಳೆಯರು 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದರು. ಊರಿಗೆ ಊರೇ ಕುದಿಯಿತು. ಇಂಗ್ಲಿಷ್ ಕಲಿತು ಕಚೇರಿಯ ಕೆಲಸ ಹಿಡಿಯಲಿ ಎಂದು ಮಕ್ಕಳನ್ನು ಕಳುಹಿಸಿದ್ದ ತಂದೆತಾಯಂದಿರು ಅವರನ್ನು ಹಿಂದಕ್ಕೆ ಕರೆಸಿಕೊಂಡರು. ಅವರ ಸಿಟ್ಟಿಗೆ ಕಾರಣವಿತ್ತು. ಹತ್ತೊಂಬತ್ತರ ಹರೆಯದ ಮಗ ಮನೆ, ಜಾತಿ, ಬಂಧುಬಳಗ ಎಲ್ಲವನ್ನೂ ಒಂದೇ ದಿನ ಕಳೆದುಕೊಳ್ಳುವುದು ಆ ಕಾಲದಲ್ಲಿ ಬದುಕಿದ್ದಂತೆಯೇ ಸತ್ತಂತೆ. ಮೋಗ್ಲಿಂಗ್ ಅವರಿಗಾದರೋ ಏಳು ವರ್ಷಗಳ ದುಡಿಮೆಯ ಮೊದಲ ಫಲ ಅದು. ಗುರುವಿನ ಹೆಸರನ್ನೇ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದ ಶಿಷ್ಯ 1846ರಲ್ಲಿ ಅವರೊಂದಿಗೆ ಬಾಸೆಲಿಗೆ ತೆರಳಿ, ಅಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು.

ಹಾಗೆಂದು ಮೋಗ್ಲಿಂಗ್ ಅವರನ್ನು ಕೇವಲ ಕನ್ನಡದ ಸೇವಕರೆಂದು ಹಾಡಿ ಹೊಗಳುವುದು ಸರಿಯಾಗದು. ಅವರು ಬಂದದ್ದು ಮತಪ್ರಚಾರಕ್ಕೆ. ಆ ಗುರಿಯನ್ನು ಎಂದೂ ಮುಚ್ಚಿಟ್ಟವರಲ್ಲ. ಆದರೆ ಆ ಗುರಿಗಾಗಿ ಕಲಿತ ಭಾಷೆ ಅವರನ್ನು ಬೇರೆಡೆಗೆ ಕೊಂಡೊಯ್ದಿತು. ಸಾವಿರ ಗಾದೆಗಳ ಸಂಗ್ರಹ ಅಚ್ಚಾಯಿತು. ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಹಣದ ನೆರವಿನಿಂದ 1848ರಲ್ಲಿ 'ಬಿಬ್ಲಿಯೋತಿಕಾ ಕರ್ನಾಟಿಕಾ' ಮಾಲಿಕೆ ಆರಂಭವಾಗಿ, ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು ಕಲ್ಲಚ್ಚಿನಿಂದ ಹೊರಬಂದವು. ಕಲಿಯುವ ದಿನಗಳಲ್ಲಿ ಪಂಡಿತರ ಮುಂದೆ ಕುಳಿತು ಬಿಡಿಸಿಕೊಳ್ಳಬೇಕಾಗಿದ್ದ ಕೃತಿಗಳು ಈಗ ಯಾರ ಕೈಗಾದರೂ ಸಿಗುವ ಪುಸ್ತಕಗಳಾದವು.

ಮುಂದೆ ಅವರು ಕೊಡಗಿಗೆ ಹೋದರು. 1855ರಲ್ಲಿ ಆ ನಾಡಿನ ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಬರೆದರು. ಅದೇ ವರ್ಷ ತೀರಿಕೊಂಡ ವೈಗ್ಲೆಯ ಪತ್ನಿ ಪೌಲೀನ್ ಅವರನ್ನು ಅನಂತರ ಮದುವೆಯಾದರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕನ್ನಡದ ಕೆಲಸಕ್ಕಾಗಿ ಸಂದ ಮನ್ನಣೆ ಅದು.

1860ರಲ್ಲಿ ಮೋಗ್ಲಿಂಗ್ ಸ್ವದೇಶಕ್ಕೆ ಮರಳಿದರು. 1881ರ ಮೇ 10ರಂದು ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು. ಮರುವರ್ಷ ಅವರ ಜೀವನಚರಿತ್ರೆ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಬರೆದವರು ಹಳೆಯ ಗೆಳೆಯ ಹರ್ಮನ್ ಗುಂಡರ್ಟ್. ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ವರ್ಷಗಳಲ್ಲೇ ತಲಶೇರಿಯಲ್ಲಿ ಮಲೆಯಾಳ ಕಲಿಯುತ್ತ, ಮುಂದೆ ಆ ಭಾಷೆಗೆ ನಿಘಂಟು ಬರೆದವರು ಇವರೇ. ಇವರ ಮೊಮ್ಮಗ ಕಾದಂಬರಿಕಾರ ಹರ್ಮನ್ ಹೆಸ್ಸೆ.