ಆಶ್ರಯದಾತೆ ರಾಣಿ ಚೆನ್ನಮ್ಮಾಜಿ

ಸಾಗರದ ಕೆಳದಿ, ಹೊಸನಗರದ ಬಿದನೂರು, ತೀರ್ಥಹಳ್ಳಿಯ ಕವಲೇದುರ್ಗ - ಈ ಮೂರನ್ನೂ ಬೆಸೆಯುವ ಬಾಳು ರಾಣಿ ಚೆನ್ನಮ್ಮಾಜಿಯದು. ಸಿದ್ದಪ್ಪ ಶೆಟ್ಟರ ಮಗಳಾದ ಆಕೆ 1667ರಲ್ಲಿ ಕೆಳದಿಯ ಅರಸ ಸೋಮಶೇಖರ ನಾಯಕನ ಕೈಹಿಡಿದಳು. ಅರಮನೆಯಲ್ಲಿ ಹುಟ್ಟದವಳು ಪಟ್ಟದರಸಿಯಾದಳು.

ದಾಂಪತ್ಯದ ನೆಮ್ಮದಿ ಬಹುಕಾಲ ಉಳಿಯಲಿಲ್ಲ. ಅರಸನು ನರ್ತಕಿಯೊಬ್ಬಳ ಮೋಹಕ್ಕೆ ಸಿಲುಕಿ ಸತಿಯನ್ನೂ ರಾಜ್ಯವನ್ನೂ ಮರೆತನೆಂಬುದು ಪರಂಪರೆಯ ಮಾತು. ಕೊನೆಗೆ ಅವನು ಕೊಲೆಯಾದನು. ಮಡಿಲಲ್ಲಿ ಮಗುವಿಲ್ಲ, ಎದುರಿಗೆ ಬಿಜಾಪುರದ ಸೇನೆ. ರಾಣಿ ಎದೆಗುಂದದೆ ದುರ್ಗವನ್ನು ಆಶ್ರಯಿಸಿ, ಬಲ ಕೂಡಿಸಿ, ಬಿದನೂರನ್ನು ಮರಳಿ ಪಡೆದಳು. ಬಸವಪ್ಪನೆಂಬ ಬಾಲಕನನ್ನು ದತ್ತು ಸ್ವೀಕರಿಸಿ ವಿದ್ಯಾವಂತನನ್ನಾಗಿಸಿದಳು. ‘ಶಿವತತ್ತ್ವರತ್ನಾಕರ’ವನ್ನು ರಚಿಸಿದವನು ಅವನೇ.

ವೀರಶೈವಳಾದ ಈ ರಾಣಿ ಪೋರ್ಚುಗೀಸರೊಡನೆ ಮೆಣಸು, ಅಕ್ಕಿಗಳ ವ್ಯಾಪಾರದ ಒಪ್ಪಂದ ಮಾಡಿಕೊಂಡಳು. ಮಿರ್ಜಾನ್, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಇಗರ್ಜಿಗಳನ್ನು ಕಟ್ಟಲು ಅನುಮತಿಯಿತ್ತಳು. ಕರಾವಳಿಯ ನಮ್ಮ ಪೂರ್ವಜರು ಪೂಜೆಗೆ ನೆರೆದದ್ದು ಇಂತಹ ಔದಾರ್ಯದ ನೆರಳಿನಲ್ಲಿ.

1689ರಲ್ಲಿ ಶಿವಾಜಿಯ ಮಗ ರಾಜಾರಾಮನು ಔರಂಗಜೇಬನ ಸೇನೆಯಿಂದ ತಪ್ಪಿಸಿಕೊಂಡು ಜಿಂಜಿಯತ್ತ ಹೊರಟು ಆಕೆಯ ಆಶ್ರಯ ಬೇಡಿದನು. ಅವನನ್ನು ಒಪ್ಪಿಸಿದ್ದರೆ ಚಕ್ರವರ್ತಿಯ ಮೆಚ್ಚುಗೆ ದೊರೆಯುತ್ತಿತ್ತು. ಕಾಪಾಡಿದರೆ ರಾಜ್ಯಕ್ಕೇ ಕುತ್ತು. ರಾಣಿ ಅವನನ್ನು ಸುರಕ್ಷಿತವಾಗಿ ದಾಟಿಸಿದಳು. ಬೆನ್ನಟ್ಟಿ ಬಂದ ಮೊಗಲ್ ಸೇನೆಯನ್ನು ಮಲೆನಾಡಿನ ಕಾಡುಗಳಲ್ಲಿ ಎದುರಿಸಿದಳು. ರಾಜ್ಯ ಉಳಿಯಿತು.

ಲಾಭವನ್ನು ತೂಗುವುದು ಜಾಣತನ. ಕರ್ತವ್ಯವನ್ನು ಅರಿಯುವುದು ವಿವೇಕ. ಸುಮಾರು 25 ವರ್ಷ ಆಳಿದ ಈ ರಾಣಿಯಲ್ಲಿ ನಾವು ಕಾಣುವುದು ಎರಡನೆಯದನ್ನು. ಪತಿ ಮಾತು ತಪ್ಪಿದರೂ ಆಕೆ ತನ್ನ ಹೊಣೆಯನ್ನು ತಪ್ಪಲಿಲ್ಲ. ಮನೆಯಲ್ಲಿ ನೊಂದವಳು ಬಾಗಿಲಿಗೆ ಬಂದವನನ್ನು ನೋಯಿಸಲಿಲ್ಲ. ನಮ್ಮ ಕುಟುಂಬಗಳು ಈ ನೆರೆಮನೆಯ ತಾಯಿಯನ್ನು ಕೃತಜ್ಞತೆಯಿಂದ ನೆನೆಯಲಿ.