ರಂಗಶಿಕ್ಷಣಕ್ಕೆ ಶಾಸ್ತ್ರದ ಬುನಾದಿ ಹಾಕಿದ ಶ್ರೀರಂಗ

ಚಿಕ್ಕೋಡಿ: ಗಡಿನಾಡಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಸೀಮೆಗೆ ನಾಟಕ ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಶ್ರೀಕೃಷ್ಣ ಪಾರಿಜಾತದ ಭಾಗವತನ ಸೊಲ್ಲು ಕೇಳುತ್ತ ಬೆಳಗು ಕಂಡ ಊರುಗಳಿವು. ಕಾಗವಾಡದಿಂದ ಕೆಲವೇ ಕಿಲೋಮೀಟರು ದೂರದ ಸಾಂಗ್ಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಆ ಪ್ರಯತ್ನಕ್ಕೆ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳದ ಆಟವೇ ಪ್ರೇರಣೆಯಾಗಿತ್ತೆಂದು ರಂಗ ಇತಿಹಾಸಕಾರರು ಗುರುತಿಸುತ್ತಾರೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ರಂಗಕ್ಕೆ ತಂದು ಸಂಗೀತ ನಾಟಕಕ್ಕೆ ಹೊಸ ದಾರಿ ತೆರೆದರು.

ಇಷ್ಟು ಸಮೃದ್ಧ ಪರಂಪರೆಯ ನಡುವೆಯೂ ಒಂದು ಪ್ರಶ್ನೆ ಬಹುಕಾಲ ಯಾರನ್ನೂ ಕಾಡಿರಲಿಲ್ಲ. ನಾಟಕವನ್ನು ಕಲಿಸುವುದು ಹೇಗೆ? ಕಲಿಸುವವನಿಗೆ ಮೊದಲು ಏನು ಗೊತ್ತಿರಬೇಕು? ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವರಲ್ಲಿ ಅಗ್ರಗಣ್ಯರು ಶ್ರೀರಂಗರೆಂದೇ ಖ್ಯಾತರಾದ ಆದ್ಯ ರಂಗಾಚಾರ್ಯರು.

ರಂಗಾಚಾರ್ಯ ವಾಸುದೇವಾಚಾರ್ಯ ಜಹಗೀರದಾರ ಎಂಬುದು ಅವರ ಪೂರ್ಣ ಹೆಸರು. ಅಥಣಿಯ ನೆರೆಯ ವಿಜಾಪುರ ಜಿಲ್ಲೆಯ, ಭೀಮಾ ತೀರದ ಅಗರಖೇಡದಲ್ಲಿ 1904ರ ಸೆಪ್ಟೆಂಬರ್ 26ರಂದು ಅವರು ಜನಿಸಿದರು. ಆಗ ಬೆಳಗಾವಿ, ವಿಜಾಪುರ, ಧಾರವಾಡ ಜಿಲ್ಲೆಗಳೆಲ್ಲವೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಕನ್ನಡದ ಹುಡುಗರು ಹೆಚ್ಚಿನ ಓದಿಗಾಗಿ ಪುಣೆಯತ್ತ ಮುಖ ಮಾಡುತ್ತಿದ್ದ ಕಾಲವದು. ರಂಗಾಚಾರ್ಯರೂ ಅದೇ ದಾರಿ ಹಿಡಿದರು. ಮರಾಠಿ ಸಂಗೀತ ನಾಟಕ ಉಚ್ಛ್ರಾಯದಲ್ಲಿದ್ದ, ಬಾಲಗಂಧರ್ವರ ಹೆಸರು ಮನೆಮಾತಾಗಿದ್ದ ದಿನಗಳವು. ಪುಣೆಯ ಬಳಿಕ ಅವರು ಲಂಡನ್ನಿನಲ್ಲಿ ಪ್ರಾಚ್ಯ ವಿದ್ಯೆಗಳ ಅಧ್ಯಯನ ನಡೆಸಿ ಎಂ.ಎ. ಪದವಿ ಪಡೆದರು. ಇಬ್ಸೆನ್, ಬರ್ನಾರ್ಡ್ ಷಾ ಅವರ ನಾಟಕಗಳ ಪ್ರಭಾವ ಅವರ ಮುಂದಿನ ಬರವಣಿಗೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

1928ರಲ್ಲಿ ಸ್ವದೇಶಕ್ಕೆ ಮರಳಿದ ಅವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಅಧ್ಯಾಪಕರಾದರು. ಸುಮಾರು ಎರಡು ದಶಕ ಅವರ ಹಗಲು ತರಗತಿಯ ಪಾಠಕ್ಕೂ ಸಂಜೆ ನಾಟಕದ ತಾಲೀಮಿಗೂ ಮೀಸಲಾಯಿತು. ಅವರ ವ್ಯಕ್ತಿತ್ವದ ಎರಡು ಮುಖಗಳು ಇಲ್ಲಿಯೇ ಒಂದಾದವು. ಒಂದು ಕಡೆ ಮೂಲಗ್ರಂಥವನ್ನು ಅಕ್ಷರ ಅಕ್ಷರ ಬಿಡಿಸಿ ನೋಡುವ ವಿದ್ವಾಂಸ, ಮತ್ತೊಂದು ಕಡೆ ಹವ್ಯಾಸಿ ನಟರನ್ನು ಕಟ್ಟಿಕೊಂಡು ರಂಗದ ಮೇಲೆ ಬೆವರುವ ನಾಟಕಕಾರ.

ಅಂದಿನ ಉತ್ತರ ಕರ್ನಾಟಕದಲ್ಲಿ ರಂಗಶಿಕ್ಷಣಕ್ಕೆ ಇದ್ದ ದಾರಿಗಳು ಎರಡೇ. ಮೊದಲನೆಯದು ವೃತ್ತಿ ಕಂಪನಿ. ಬಾಲಕನಾಗಿ ಕಂಪನಿ ಸೇರಿದವನು ಹಿರಿಯ ನಟರ ಸೇವೆ ಮಾಡುತ್ತ, ಪರದೆಯ ಮರೆಯಲ್ಲಿ ನಿಂತು ನೋಡುತ್ತ, ವರ್ಷಗಳ ಮೇಲೆ ನಟನಾಗುತ್ತಿದ್ದ. ಎರಡನೆಯದು ಹಳ್ಳಿಯ ನಾಟಕ. ಜಾತ್ರೆಗೆ ಮುನ್ನ ಊರಿನವರು ಪೇಟಿ ಮಾಸ್ತರನೊಬ್ಬನನ್ನು ಕರೆಸುತ್ತಿದ್ದರು. ಆತ ಹಾಡು ಹೇಳಿಕೊಟ್ಟು, ಮಾತು ಬಾಯಿಪಾಠ ಮಾಡಿಸಿ, ಪಾತ್ರಧಾರಿಗಳನ್ನು ರಂಗಕ್ಕೆ ಸಿದ್ಧಗೊಳಿಸುತ್ತಿದ್ದ. ಎರಡೂ ಪದ್ಧತಿಗಳು ಅಪ್ರತಿಮ ಕಲಾವಿದರನ್ನು ನೀಡಿವೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಗುರುವಿನ ಧಾಟಿಯನ್ನು ಹಾಗೆಯೇ ಅನುಕರಿಸುವುದೇ ಕಲಿಕೆಯೆಂಬ ನಂಬಿಕೆ ಅವುಗಳಲ್ಲಿ ಬೇರೂರಿತ್ತು. ಏಕೆ ಹಾಗೆ ನಡೆಯಬೇಕು, ಏಕೆ ಹಾಗೆ ನುಡಿಯಬೇಕು ಎಂದು ಕೇಳುವ ಅವಕಾಶ ಶಿಷ್ಯನಿಗೆ ವಿರಳವಾಗಿತ್ತು.

ಶ್ರೀರಂಗರ ನಾಟಕಗಳು ಈ ಅನುಕರಣೆಗೆ ಸುಲಭವಾಗಿ ದಕ್ಕುವಂಥವಾಗಿರಲಿಲ್ಲ. ಅವು ರಾಜರಾಣಿಯರನ್ನೂ ಹಾಡುಗಳನ್ನೂ ಬದಿಗಿರಿಸಿ ಮಧ್ಯಮ ವರ್ಗದ ಮನೆಯೊಳಗಿನ ಮಾತನ್ನು ರಂಗಕ್ಕೆ ತಂದವು. ‘ಹರಿಜನ್ವಾರ’ ಮಡಿವಂತಿಕೆಯನ್ನು ಕಟುವಾಗಿ ಪ್ರಶ್ನಿಸಿದರೆ, ‘ಶೋಕಚಕ್ರ’ ಸ್ವಾತಂತ್ರ್ಯಾನಂತರದ ಭ್ರಮನಿರಸನವನ್ನು ಚಿತ್ರಿಸಿತು. 1960ರ ‘ಕೇಳು ಜನಮೇಜಯ’ದಲ್ಲಿ ರೂಢಿಯ ಕಥಾಹಂದರವೇ ಮಾಯವಾಯಿತು. ಇಂಥ ನಾಟಕಗಳಲ್ಲಿ ಏರುದನಿಯ ಸಂಭಾಷಣೆಗೆ ಚಪ್ಪಾಳೆ ಗಿಟ್ಟಿಸುವ ಹಳೆಯ ಉಪಾಯ ಫಲಿಸದು. ನಟನಾದವನು ಮಾತಿನ ಅರ್ಥವನ್ನು, ಮಾತುಗಳ ನಡುವಿನ ಮೌನವನ್ನು ಅರಿತಿರಬೇಕು. ಹೊಸ ನಾಟಕಕ್ಕೆ ಹೊಸ ನಟ ಬೇಕು, ಹೊಸ ನಟನಿಗೆ ಹೊಸ ಬಗೆಯ ಗುರು ಬೇಕು. ಅವರ ನಾಟಕಗಳೇ ಮುಂದಿಟ್ಟ ಬೇಡಿಕೆ ಇದು.

ಉತ್ತರಕ್ಕಾಗಿ ಅವರು ಪಶ್ಚಿಮವನ್ನಷ್ಟೇ ನೆಚ್ಚಿಕೊಳ್ಳಲಿಲ್ಲ ಎಂಬುದು ಗಮನಾರ್ಹ. ಲಂಡನ್ನಿನಲ್ಲಿ ಓದಿ ಬಂದ, ಸಂಪ್ರದಾಯದ ಕಟು ವಿಮರ್ಶಕರೆನಿಸಿದ ಈ ನಾಟಕಕಾರ ಭರತಮುನಿಯ ನಾಟ್ಯಶಾಸ್ತ್ರದತ್ತ ಹೊರಳಿದರು. 1947ರಲ್ಲಿ ಸಂಸ್ಕೃತ ನಾಟಕಗಳ ಕುರಿತ ಅವರ ಇಂಗ್ಲಿಷ್ ಗ್ರಂಥ ಹೊರಬಂದಿತು. 1966ರಲ್ಲಿ ನಾಟ್ಯಶಾಸ್ತ್ರಕ್ಕೆ ಪ್ರವೇಶಿಕೆಯೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಮುಂದೆ ಆ ಬೃಹತ್ ಗ್ರಂಥವನ್ನು ಕನ್ನಡಕ್ಕೂ ಇಂಗ್ಲಿಷಿಗೂ ಅನುವಾದಿಸಿದರು.

ಪಂಡಿತರ ಕೈಯಲ್ಲಿ ರಸಸಿದ್ಧಾಂತದ ಚರ್ಚೆಗಷ್ಟೇ ಸೀಮಿತವಾಗಿದ್ದ ಗ್ರಂಥವನ್ನು ಪ್ರಯೋಗದ ಕೈಪಿಡಿಯಾಗಿ ಓದಿದ್ದು ಶ್ರೀರಂಗರ ಹೆಚ್ಚುಗಾರಿಕೆ. ಅಷ್ಟಕ್ಕೂ ನಾಟ್ಯಶಾಸ್ತ್ರ ಆರಂಭವಾಗುವುದೇ ಒಂದು ಶಿಕ್ಷಣದ ಕಥೆಯಿಂದ. ಬ್ರಹ್ಮನಿಂದ ನಾಟ್ಯವೇದವನ್ನು ಪಡೆದ ಭರತ ಅದನ್ನು ತನ್ನ ನೂರು ಮಂದಿ ಮಕ್ಕಳಿಗೆ ಕಲಿಸುತ್ತಾನೆ. ಮೊದಲ ಪ್ರಯೋಗಕ್ಕೆ ವಿಘ್ನ ಒದಗುತ್ತದೆ. ರಕ್ಷಣೆಗಾಗಿ ನಾಟ್ಯಗೃಹ ನಿರ್ಮಾಣವಾಗುತ್ತದೆ. ಹೀಗೆ ಪಾಠ, ತಾಲೀಮು, ಪ್ರಯೋಗ, ವೈಫಲ್ಯ, ತಿದ್ದುಪಡಿ ಎಂಬ ಕಲಿಕೆಯ ಇಡೀ ಚಕ್ರವೇ ಪುರಾಣದ ರೂಪದಲ್ಲಿ ಅಲ್ಲಿ ಅಡಕವಾಗಿದೆ.

ರಂಗಶಿಕ್ಷಕನಿಗೆ ಬೇಕಾದ ಮೂಲಭೂತ ಜ್ಞಾನದ ನಕ್ಷೆಯನ್ನೂ ಈ ಗ್ರಂಥ ಒದಗಿಸುತ್ತದೆ. ಅಭಿನಯವನ್ನು ಅದು ಆಂಗಿಕ, ವಾಚಿಕ, ಆಹಾರ್ಯ ಮತ್ತು ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ದೇಹದ ಚಲನೆ, ಧ್ವನಿ ಮತ್ತು ಮಾತು, ವೇಷಭೂಷಣ, ಮನಸ್ಸಿನ ಏಕಾಗ್ರತೆಯಿಂದ ಹುಟ್ಟುವ ಭಾವ ಇವುಗಳ ವ್ಯಾಪ್ತಿ. ಬಾಯಿಪಾಠವನ್ನೇ ನೆಚ್ಚಿದ ಮಾಸ್ತರ ಈ ನಾಲ್ಕರಲ್ಲಿ ಒಂದರ ಅರ್ಧಭಾಗವನ್ನಷ್ಟೇ ಕಲಿಸಿದಂತಾಗುತ್ತದೆ. ರಂಗಮಂದಿರದ ಅಳತೆಯನ್ನೂ ಗ್ರಂಥ ಬಿಟ್ಟಿಲ್ಲ. ಮಧ್ಯಮ ಗಾತ್ರದ ಆಯತಾಕಾರದ ನಾಟ್ಯಗೃಹ 64 ಮೊಳ ಉದ್ದ, 32 ಮೊಳ ಅಗಲವಿರಬೇಕೆನ್ನುತ್ತದೆ. ಅದಕ್ಕಿಂತ ದೊಡ್ಡದಾದರೆ ಮಾತು ಸ್ಪಷ್ಟವಾಗಿ ಕೇಳದು, ಮುಖದ ಭಾವ ಕಾಣದು ಎಂಬುದೇ ಕಾರಣ. ಪ್ರೇಕ್ಷಕ ಹೇಗಿರಬೇಕು, ಪ್ರಯೋಗದ ಯಶಸ್ಸನ್ನು ಅಳೆಯುವುದು ಹೇಗೆ ಎಂಬುದಕ್ಕೂ ಅಲ್ಲಿ ಪ್ರತ್ಯೇಕ ಅಧ್ಯಾಯವಿದೆ. ಅಂದರೆ ನಾಟಕ ಕಲಿಸುವವನು ನಟನ ಮೈಯನ್ನು ಬಲ್ಲವನಾದರೆ ಸಾಲದು, ಸ್ಥಳವನ್ನೂ ಸಭೆಯನ್ನೂ ಬಲ್ಲವನಾಗಿರಬೇಕು.

ಈ ತಿಳಿವಳಿಕೆಯನ್ನು ಶ್ರೀರಂಗರು ಪುಸ್ತಕದ ಪುಟಗಳಲ್ಲಿಯೇ ಉಳಿಸಲಿಲ್ಲ. ಕಾಲೇಜು ಬಿಟ್ಟ ಬಳಿಕ 1950ರ ದಶಕದಲ್ಲಿ ಅವರು ಆಕಾಶವಾಣಿಯ ಬೆಂಗಳೂರು ಕೇಂದ್ರದಲ್ಲಿ ನಾಟಕಗಳ ಹೊಣೆ ಹೊತ್ತರು. ಕೇವಲ ಧ್ವನಿಯಿಂದ ಪಾತ್ರವನ್ನು ಕಟ್ಟುವ ಬಾನುಲಿ, ವಾಚಿಕಾಭಿನಯದ ನಿಜವಾದ ಪರೀಕ್ಷೆಯೇ ಸರಿ. ಸ್ವಾತಂತ್ರ್ಯಾನಂತರದ ವರ್ಷಗಳಲ್ಲಿ ರಾಜ್ಯದ ಹಲವೆಡೆ ಹವ್ಯಾಸಿ ಕಲಾವಿದರಿಗಾಗಿ ನಾಟ್ಯ ಶಿಕ್ಷಣ ಶಿಬಿರಗಳನ್ನು ನಡೆಸಿದರು. ದೆಹಲಿಯಲ್ಲಿ ರಾಷ್ಟ್ರೀಯ ನಾಟಕ ಶಾಲೆ ಆರಂಭವಾದದ್ದು 1959ರಲ್ಲಿ. ಕನ್ನಡ ನೆಲದಲ್ಲಿ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ ತಲೆಯೆತ್ತಿದ್ದು 1980ರಲ್ಲಿ. ಇಂಥ ಸಂಸ್ಥೆಗಳಿಲ್ಲದ ಕಾಲದಲ್ಲಿ ಊರೂರಿಗೆ ಹೋಗಿ, ಶಿಕ್ಷಕರು, ಗುಮಾಸ್ತರು, ವಿದ್ಯಾರ್ಥಿಗಳಂಥ ಸಾಮಾನ್ಯರೂ ನಾಟಕವನ್ನು ಕ್ರಮಬದ್ಧವಾಗಿ ಕಲಿಯಬಹುದೆಂಬ ವಿಶ್ವಾಸ ಮೂಡಿಸಿದ್ದು ಸಣ್ಣ ಸಾಧನೆಯಲ್ಲ.

ಗೌರವಗಳು ಅವರನ್ನು ಅರಸಿ ಬಂದವು. 1956ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1967ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್, ‘ಕಾಳಿದಾಸ’ ಕೃತಿಗೆ 1971ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಭೂಷಣ ಅವರದಾದವು. ನಲವತ್ತಕ್ಕೂ ಹೆಚ್ಚು ನಾಟಕಗಳನ್ನೂ ಅದಕ್ಕಿಂತ ಹೆಚ್ಚು ಏಕಾಂಕಗಳನ್ನೂ ಬರೆದ ಅವರು 1984ರ ಅಕ್ಟೋಬರ್ 17ರಂದು ನಿಧನರಾದರು. ಇಂಗ್ಲಿಷ್ ಕಾದಂಬರಿಗಾರ್ತಿ ಶಶಿ ದೇಶಪಾಂಡೆ ಅವರ ಪುತ್ರಿ.

ಶ್ರೀರಂಗರ ಬದುಕು ಮುಂದಿಡುವ ಪಾಠ ಗಡಿಭಾಗದ ಶಾಲೆಗಳಿಗೆ ಹೆಚ್ಚು ಪ್ರಸ್ತುತ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ತರಗತಿಗಳಲ್ಲಿ ಮನೆಯಲ್ಲಿ ಕನ್ನಡವಾಡುವ ಮಗುವೂ ಮರಾಠಿಯಾಡುವ ಮಗುವೂ ಅಕ್ಕಪಕ್ಕ ಕೂರುವುದುಂಟು. ಪಠ್ಯಪುಸ್ತಕದ ಮುಂದೆ ತಡವರಿಸುವ ನಾಲಿಗೆ ನಾಟಕದ ಪಾತ್ರದೊಳಗೆ ಸಡಿಲಗೊಳ್ಳುತ್ತದೆ. ಆದರೆ ವಾರ್ಷಿಕ ಸ್ನೇಹಸಮ್ಮೇಳನಕ್ಕೆ ಹದಿನೈದು ದಿನ ಮುನ್ನ ಮಾತುಗಳನ್ನು ಉರು ಹೊಡೆಸಿ ವೇದಿಕೆಗೆ ತಳ್ಳಿದರೆ ಮಗುವಿಗೆ ದಕ್ಕುವುದು ಭಯ ಮಾತ್ರ. ತನ್ನ ಮೈ, ದನಿ, ಮನಸ್ಸುಗಳನ್ನು ಮಗು ತಾನೇ ಕಂಡುಕೊಳ್ಳುವಂತೆ ಮಾಡಬಲ್ಲ ಶಿಕ್ಷಕ ಬೇಕು. ಚೆನ್ನಾಗಿ ನಟಿಸಬಲ್ಲವರೆಲ್ಲ ಚೆನ್ನಾಗಿ ಕಲಿಸಲಾರರು. ಕಲಿಸುವುದಕ್ಕೆ ಅದರದೇ ಆದ ಅರಿವು, ಅದರದೇ ಆದ ಸಿದ್ಧತೆ ಬೇಕು. ಪ್ರೊಫೆಸರರಾಗಿದ್ದೂ ರಂಗದ ಧೂಳು ಮೆತ್ತಿಸಿಕೊಂಡ, ನಾಟಕಕಾರರಾಗಿದ್ದೂ ಶಾಸ್ತ್ರಕ್ಕೆ ತಲೆಬಾಗಿದ ಶ್ರೀರಂಗರು ಆ ಸಿದ್ಧತೆಗೆ ಇಡೀ ಜೀವಮಾನವನ್ನೇ ಮೀಸಲಿಟ್ಟರು.